ಇಕ್ಕಳವನ್ನು ಒಂದು ನಿಮಿಷ ಕೆಳಗಿಡಿ: ದಂತವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ದಂತವೈದ್ಯರೇ,

ದೂರು ಕೊಡುವ ಉದ್ದೇಶವಿದ್ದಿದ್ದರೆ ಹೆಸರು, ವಿಳಾಸ, ತಾರೀಖು ಹಾಕಿ ಕೊಡಬೇಕಾದ ಕಡೆಗೇ ಕೊಡುತ್ತಿದ್ದೆ. ಹನ್ನೊಂದು ತಿಂಗಳಲ್ಲಿ ನನ್ನ ಅಪ್ಪನ ಬಲದವಡೆಯಿಂದ ಮೂರು ಹಲ್ಲುಗಳು ಹೋದವು. ನೋವು ಮಾತ್ರ ಕದಲಲಿಲ್ಲ. ಕಿತ್ತವರು ಇಬ್ಬರು, ಬೇರೆ ಬೇರೆ ಕಡೆಯವರು. ಇಬ್ಬರ ಕೈಗುಣವೂ ಚೆನ್ನಾಗಿತ್ತು, ಮಾತೂ ಮೆತ್ತಗಿತ್ತು. ಯಾರೋ ಒಬ್ಬ ಅಸಡ್ಡೆಯ ಮನುಷ್ಯ ಮಾಡಿದ ತಪ್ಪಾಗಿದ್ದರೆ ಮನೆಯಲ್ಲೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಒಳ್ಳೆಯವರಿಬ್ಬರು ಒಂದೇ ತಪ್ಪು ಮಾಡಿದ್ದರಿಂದ ನಿಮಗೆಲ್ಲರಿಗೂ ಬರೆಯಬೇಕಾಯಿತು.

ಅಪ್ಪನಿಗಿರುವುದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಮುಖದ ಸ್ಪರ್ಶದ ನರದಲ್ಲಿ ಸಿಡಿಯುವ ನೋವಿನ ಕಾಯಿಲೆ. ನಿಮಗೆ ಈ ಹೆಸರು ಗೊತ್ತು. ಪರೀಕ್ಷೆಗೆ ಓದಿ ಬರೆದಿರುತ್ತೀರಿ. ನಮಗೆ ಗೊತ್ತಿರಲಿಲ್ಲ. ಅದನ್ನು ತಡವರಿಸದೆ ಹೇಳಲು ಅಮ್ಮನಿಗೆ ಒಂದು ವಾರ ಹಿಡಿಯಿತು. ಈಗ ಅವರು ಆ ಹೆಸರನ್ನು, ಹೇಳದೆ ಕೇಳದೆ ಬಂದು ಮನೆಯಲ್ಲಿ ಬೀಡುಬಿಟ್ಟ ನೆಂಟನ ಹೆಸರಿನಷ್ಟು ಸಲೀಸಾಗಿ ಹೇಳುತ್ತಾರೆ.

ಶುರುವಾದದ್ದು ಒಂದು ಬೆಳಿಗ್ಗೆ, ಮುಖ ತೊಳೆಯುವಾಗ. ಅಪ್ಪನಿಗೆ ಆಗ 63 ವರ್ಷ. "ಹಾ" ಎಂಬ ಸದ್ದು ಕೇಳಿ ನಾನು ಹೋಗಿ ನೋಡಿದರೆ, ಎಡಗೈಯಲ್ಲಿ ಬೇಸಿನ್ನಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಬಲಗೈ ಕೆನ್ನೆಯ ಹತ್ತಿರಕ್ಕೆ ಹೋಗಿ, ಒಂದು ಗೇಣು ಈಚೆ, ಗಾಳಿಯಲ್ಲೇ ನಿಂತಿತ್ತು. ಮುಟ್ಟುತ್ತಿರಲಿಲ್ಲ. ಕೆನ್ನೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿದು, "ಏನಿಲ್ಲ, ಹಲ್ಲು ಜುಮ್ಮೆಂದಿತು" ಎಂದರು. ಗಾಳಿಯಲ್ಲಿ ನಿಂತ ಆ ಕೈಯನ್ನು ಆಮೇಲೆ ನೂರಾರು ಸಲ ನೋಡಿದ್ದೇನೆ. ಹಲ್ಲುನೋವಿನವರು ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಬರುತ್ತಾರಲ್ಲವೇ? ಅಪ್ಪ ಒಂದು ದಿನವೂ ಹಾಗೆ ಹಿಡಿದುಕೊಳ್ಳಲಿಲ್ಲ. ನಿಮ್ಮ ಬಾಗಿಲು ದಾಟಿ ಒಳಬರುವ ಹೊತ್ತಿಗೇ ಅವರ ಕೈ ಅರ್ಧ ಕಥೆಯನ್ನು ಹೇಳಿಬಿಟ್ಟಿತ್ತು. ಕೈಯನ್ನು ನೋಡುವವರು ಇರಲಿಲ್ಲ, ಎಲ್ಲರೂ ಬಾಯನ್ನೇ ನೋಡಿದರು.

ಮೊದಲ ವೈದ್ಯರು ಎಕ್ಸ್-ರೇ ತೆಗೆದರು. ಅಂಥದ್ದೇನೂ ಕಾಣಿಸುತ್ತಿಲ್ಲ, ಆದರೆ ಬಿರುಕು ಸಣ್ಣದಿದ್ದರೆ ಎಕ್ಸ್-ರೇಯಲ್ಲಿ ಕಾಣಿಸುವುದಿಲ್ಲ ಎಂದರು. ಮಾತು ನಿಜವೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡಿದಾಗ ನೋವು ಪೂರ್ತಿ ನಿಂತಿತು. "ನೋಡಿ, ಇದೇ ಹಲ್ಲು" ಎಂದರು. ನಾವೂ ತಲೆಯಾಡಿಸಿದೆವು. ಕೆರಳುವ ಜಾಗವನ್ನು ಮರಗಟ್ಟಿಸಿದರೆ ನರದ ನೋವೂ ಅಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಇಂಜೆಕ್ಷನ್ ಸುಳ್ಳುಸಾಕ್ಷಿ ಹೇಳಿತ್ತು. ಹಲ್ಲು ಹೋಯಿತು.

ಎರಡನೆಯ ಹಲ್ಲಿನ ಕಥೆ ಇನ್ನೂ ವಿಚಿತ್ರ. ಅದನ್ನು ಕಿತ್ತ ಮೂರನೆಯ ದಿನದಿಂದ ಐದು ವಾರ ಅಪ್ಪನಿಗೆ ಒಂದು ಚಳುಕೂ ಬರಲಿಲ್ಲ. ಮನೆಯಲ್ಲಿ ಹಬ್ಬದ ವಾತಾವರಣ. ಆ ವೈದ್ಯರ ಗುಣಗಾನ ಮಾಡುತ್ತಾ ಪರಿಚಯದವರಿಗೆಲ್ಲ ಅವರ ಫೋನ್ ನಂಬರ್ ಹಂಚಿದ್ದು ನಾನೇ. ಆದರೆ ಈ ಕಾಯಿಲೆಯ ಸ್ವಭಾವವೇ ಹಾಗೆ: ತಾನಾಗಿ ಬರುತ್ತದೆ, ತಾನಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಬಿಡುವು ಕೊಡುತ್ತದೆ. ಆ ಬಿಡುವಿಗೆ ಸ್ವಲ್ಪ ಮುಂಚೆ ಯಾರು ಏನು ಮಾಡಿರುತ್ತಾರೋ ಕೀರ್ತಿಯೆಲ್ಲ ಅವರಿಗೆ ಸಲ್ಲುತ್ತದೆ. ನಿಮ್ಮಲ್ಲೂ ಎಷ್ಟೋ ಮಂದಿ "ನಾನು ಕಿತ್ತ ಮೇಲೆ ವಾಸಿಯಾಯಿತು, ಆಮೇಲೆ ಅವರು ಬರಲೇ ಇಲ್ಲ" ಎಂದುಕೊಂಡಿರಬಹುದು. ವಾಸಿಯಾಗಿಯೇ ಬಾರದೆ ಹೋದರೋ, ನೋವು ಮರಳಿದಾಗ ಇನ್ನೊಬ್ಬರ ಬಾಗಿಲಿಗೆ ಹೋದರೋ, ಒಮ್ಮೆ ಯೋಚಿಸಿ ನೋಡಿ. ನಾವು ಹೋದದ್ದು ಇನ್ನೊಬ್ಬರ ಬಾಗಿಲಿಗೆ. ಮೂರನೆಯ ಹಲ್ಲು ಅಲ್ಲಿ ಹೋಯಿತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೀಳಿ ಎಂದು ಕೈಮುಗಿದವರು ಅಪ್ಪನೇ. "ಒಂದಲ್ಲ, ಆ ಕಡೆಯ ಅಷ್ಟನ್ನೂ ಕಿತ್ತುಹಾಕಿ" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ನೋವಿನಲ್ಲಿರುವ ಮನುಷ್ಯ ಕುರ್ಚಿಯಲ್ಲಿ ಕುಳಿತು ಬೇಡಿಕೊಳ್ಳುತ್ತಿರುವಾಗ ಸುಮ್ಮನೆ ಕಳಿಸುವುದು ನಿಮಗೆ ಸುಲಭವಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ದವಡೆ ನೋವೆಂದು ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಹಲ್ಲಿನ ತೊಂದರೆಯೇ ಎಂಬುದೂ ಸರಿ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಪರೂಪದ್ದು. ಲಕ್ಷ ಜನರಲ್ಲಿ ವರ್ಷಕ್ಕೆ ಹೊಸದಾಗಿ 4–5 ಮಂದಿಗೆ ಬರುತ್ತದೆಂಬ ಲೆಕ್ಕವಿದೆ, ಅದಕ್ಕಿಂತ ಹೆಚ್ಚು ಎನ್ನುವವರೂ ಇದ್ದಾರೆ. ಆದರೆ ಆ ಕೆಲವರಲ್ಲಿ ಬಹಳ ಜನ ಮೊದಲು ಬರುವುದು ನಿಮ್ಮ ಹತ್ತಿರವೇ, ನರವೈದ್ಯರ ಹತ್ತಿರವಲ್ಲ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ಈ ನರಕ್ಕೆ ಮೂರು ಕವಲು. ಕಾಯಿಲೆ ಹೆಚ್ಚಾಗಿ ಹಿಡಿಯುವುದು ಕೆನ್ನೆ ಮತ್ತು ದವಡೆಯ ಕವಲುಗಳನ್ನು. ಮೇಲಿನ ಹಲ್ಲು, ಕೆಳಗಿನ ಹಲ್ಲುಗಳ ಸುದ್ದಿಯೆಲ್ಲ ಹೋಗುವುದು ಅದೇ ದಾರಿಯಲ್ಲಿ. ತಂತಿ ಕೆಟ್ಟಿರುವುದು ಮಿದುಳಿನ ಬುಡದಲ್ಲಾದರೂ ಗಂಟೆ ಬಾರಿಸುವುದು ಹಲ್ಲಿನಲ್ಲಿ.

ಹೊಸ ಕಾಯಿಲೆಯೂ ಅಲ್ಲ ಇದು. ಫ್ರಾನ್ಸಿನ ನಿಕೊಲಾ ಆಂದ್ರೆ ಇದಕ್ಕೆ ಹೆಸರಿಟ್ಟದ್ದು 1756ರಲ್ಲಿ. ಇಂಗ್ಲೆಂಡಿನ ಜಾನ್ ಫಾದರ್‌ಗಿಲ್ 1773ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದರು: ಥಟ್ಟನೆ ಬರುವುದು, ಸ್ವಲ್ಪವೇ ಹೊತ್ತು ಇರುವುದು, ಮತ್ತೆ ಮತ್ತೆ ಮರಳುವುದು. ಎಂಆರ್‌ಐ ಯಂತ್ರವೂ ಇಲ್ಲದ, ಎಕ್ಸ್-ರೇಯೂ ಇಲ್ಲದ ಕಾಲದಲ್ಲಿ ಅವರಿಗೆ ಅಷ್ಟು ತಿಳಿದದ್ದು ರೋಗಿಯ ಮಾತು ಕೇಳಿದ್ದರಿಂದ, ರೋಗಿಯನ್ನು ಕಣ್ಣಿಟ್ಟು ನೋಡಿದ್ದರಿಂದ.

ನಾನು ಕೇಳುತ್ತಿರುವುದೂ ಅಷ್ಟೇ. ಎಕ್ಸ್-ರೇ ಶುಭ್ರವಾಗಿದ್ದು ರೋಗಿ ಮಾತ್ರ ಒದ್ದಾಡುತ್ತಿದ್ದರೆ, ಇಕ್ಕಳವನ್ನು ಒಂದು ನಿಮಿಷ ಕೆಳಗಿಟ್ಟು ಕೇಳಿ: ನೋವು ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ? ಹಲ್ಲಿನ ಒಳಗಿನ ಉರಿಯೂತವಾದರೆ ಬಿಸಿಗೆ, ತಣ್ಣಗಿನದಕ್ಕೆ ಕೆರಳಿ ಬಹಳ ಹೊತ್ತು ಮಿಡಿಯುತ್ತದೆ, ರಾತ್ರಿ ಎಬ್ಬಿಸಿ ಕೂರಿಸುತ್ತದೆ. ಇದು ಹಾಗಲ್ಲ. ಕರೆಂಟ್ ಹೊಡೆದ ಹಾಗೆ ಸಿಡಿದು, ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಿದ್ದೆಯಿಂದ ಎಬ್ಬಿಸುವುದು ಕಡಿಮೆ. ಆಮೇಲೆ ಕೇಳಿ: ಏನು ಮಾಡಿದರೆ ಬರುತ್ತದೆ? ಗಟ್ಟಿಯಾದದ್ದನ್ನು ಕಚ್ಚಿದರೆ ಎನ್ನುವವರು ನಿಮ್ಮವರು. ಗಾಳಿ ಬೀಸಿದರೆ, ಕೆನ್ನೆಗೆ ಟವೆಲ್ ತಗುಲಿದರೆ, ತುಟಿ ಅಲುಗಿದರೆ, ನಕ್ಕರೆ ಎಂದು ಹೇಳುವವರನ್ನು ದಯವಿಟ್ಟು ನರರೋಗ ತಜ್ಞರ ಹತ್ತಿರ ಕಳಿಸಿ. ಒಂದು ಚೀಟಿ ಬರೆದುಕೊಟ್ಟರೆ ಸಾಕು. ಕಿತ್ತ ಹಲ್ಲನ್ನು ಮತ್ತೆ ಕೂರಿಸಲಾಗುವುದಿಲ್ಲ, ಒಂದು ವಾರ ತಡವಾಗಿ ಕೀಳಲು ಯಾವ ಅಡ್ಡಿಯೂ ಇಲ್ಲ.

ನಮಗೆ ಕೊನೆಗೆ ಚೀಟಿ ಬರೆದುಕೊಟ್ಟವರೂ ನಿಮ್ಮವರೇ, ಒಬ್ಬ ತರುಣ ದಂತವೈದ್ಯೆ. ನಾಲ್ಕನೆಯ ಹಲ್ಲು ಕೀಳಿಸಲು ಹೋಗಿದ್ದೆವು. ಆಕೆ ಹತ್ತಿಯ ಎಳೆಯೊಂದನ್ನು ಅಪ್ಪನ ಮೂಗಿನ ಪಕ್ಕಕ್ಕೆ, ಸೋಕಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ತಾಗಿಸಿದರು. ಅಪ್ಪ ಕುರ್ಚಿಯಲ್ಲಿ ಅರ್ಧ ಎದ್ದುಬಿಟ್ಟರು. ಆಕೆ ಹತ್ತಿಯನ್ನು ಕೆಳಗಿಟ್ಟು, "ಕ್ಷಮಿಸಿ ಸರ್, ಇದು ಹಲ್ಲಿನದಲ್ಲ" ಎಂದರು. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ನಿಮ್ಮ ಕುರ್ಚಿಯಿಂದ ಎದ್ದು ಹೋದ ಮೇಲೆ ಇಂಥವರ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಕಾಣಿಸುವುದಿಲ್ಲ. ಅದಕ್ಕೇ ಅದನ್ನೂ ಬರೆಯುತ್ತೇನೆ.

ಅಪ್ಪ ಮಾತುಗಾರರು. ಯಾವ ವಿಷಯ ಎತ್ತಿದರೂ ಅದಕ್ಕೊಂದು ಪೀಠಿಕೆ, ಒಂದು ಉಪಕಥೆ, ಆಮೇಲೆ ವಿಷಯ. ಅಂಥವರು ಕ್ರಮೇಣ ಮಾತು ಬಿಟ್ಟರು. ಕೇಳಿದ್ದಕ್ಕೆ ಉತ್ತರವಿಲ್ಲ, ಊಟದ ತಟ್ಟೆಯ ಮುಂದೆ ಕುಳಿತು ಸುಮ್ಮನೆ ಎದ್ದುಹೋಗುವುದು, ಫೋನ್ ಎತ್ತಿದರೂ ಮೌನ. ಯಾವುದೋ ವಿಷಯಕ್ಕೆ ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಎರಡು ವಾರ ನಾನೂ ಬಿಗಿದುಕೊಂಡೇ ಇದ್ದೆ. ಒಂದು ದಿನ "ಏನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ತಾನೇ ಗೊತ್ತಾಗುವುದು" ಎಂದು ರೇಗಿಯೂಬಿಟ್ಟೆ. ಬಾಯಿ ಬಿಡುವುದೇ ಅವರ ಕಷ್ಟವಾಗಿತ್ತು. ವೈದ್ಯರು ತಪ್ಪು ತಿಳಿದರೆಂದು ಪತ್ರ ಬರೆಯುತ್ತಿರುವ ನಾನು, ಒಂದೇ ಸೂರಿನಡಿ ಇದ್ದೂ ಅವರಿಗಿಂತ ಹೆಚ್ಚು ತಪ್ಪು ತಿಳಿದಿದ್ದೆ.

ಈಗ ಅಪ್ಪನ ಹತ್ತಿರ ಒಂದು ನೋಟ್‌ಬುಕ್ ಇದೆ. ಕೆಟ್ಟ ದಿನಗಳಲ್ಲಿ ಮಾತೆಲ್ಲ ಅದರಲ್ಲಿ. ಉಪಕಥೆಗಳೂ ಅದರಲ್ಲೇ, ಬರೆದು ಮುಗಿಸುವವರೆಗೆ ನಾವು ಕಾಯಬೇಕು. ನಾನು ಹೊರಗಿನಿಂದ ಫೋನ್ ಮಾಡಿದರೆ ಅಪ್ಪ ಉಗುರಿನಿಂದ ಮೊಬೈಲಿನ ಮೇಲೆ ಕುಟ್ಟುತ್ತಾರೆ: ಹೌದಾದರೆ ಒಂದು ಸಲ, ಇಲ್ಲವಾದರೆ ಎರಡು ಸಲ. ಮೂರು ಸಲ ಕುಟ್ಟಿದರೆ ಫೋನನ್ನು ಅಮ್ಮನಿಗೆ ಕೊಡುತ್ತಿದ್ದಾರೆಂದು ಅರ್ಥ. ನೋವು ಹೊಡೆದಾಗ ಓಡಿಹೋಗಿ "ಏನಾಯಿತು, ಏನಾಯಿತು" ಎಂದು ಕೇಳುವುದನ್ನು ನಾವು ಬಿಟ್ಟಿದ್ದೇವೆ, ಏಕೆಂದರೆ ಉತ್ತರ ಹೇಳಲು ತುಟಿ ಅಲುಗಬೇಕು, ತುಟಿ ಅಲುಗಿದರೆ ಇನ್ನೊಂದು ಹೊಡೆತ. ಹತ್ತಿರ ನಿಲ್ಲುತ್ತೇವೆ. ಅವರ ಕೈ ಕೆಳಗಿಳಿದ ಮೇಲೆ ನಾವೂ ಅಲ್ಲಿಂದ ಸರಿಯುತ್ತೇವೆ. ನೋಡಿದವರಿಗೆ ಇದು ಕಲ್ಲೆದೆ ಎನ್ನಿಸಬಹುದು. ಮುಖದ ಮೇಲೆ ಕೈಯಿಡದೆ ಸುಮ್ಮನೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಲು ಅಮ್ಮನಿಗೆ ಬಹಳ ಕಷ್ಟವಾಯಿತು.

ಫ್ಯಾನಿನ ಗಾಳಿ ಬಲಕೆನ್ನೆಗೆ ಬೀಳದಂತೆ ಮಂಚದ ದಿಕ್ಕು ಬದಲಾಯಿತು. ಹೊರಗೆ ಹೊರಟರೆ ಬೇಸಿಗೆಯಲ್ಲೂ ಮಫ್ಲರ್. ಅಪ್ಪನ ಬಲಗಡೆ ಯಾರೂ ಕೂರುವುದಿಲ್ಲ, ತಿರುಗಿ ಮಾತನಾಡಿಸಬೇಕಾದೀತೆಂದು. ಗಡ್ಡ ಬೋಳಿಸಲು ಎಡಗೆನ್ನೆಗೆ ಎರಡು ನಿಮಿಷ, ಬಲಗೆನ್ನೆಗೆ ಒಂದು ವಾರ. ಒಳ್ಳೆಯ ಗಳಿಗೆ ನೋಡಿ ತುಸುತುಸುವೇ ಮುಗಿಸುತ್ತಾರೆ. ಹೀಗಾಗಿ ಎಷ್ಟೋ ದಿನ ಅವರ ಮುಖ ಎಡಕ್ಕೊಂದು, ಬಲಕ್ಕೊಂದು ವಯಸ್ಸಿನದಾಗಿ ಕಾಣುತ್ತದೆ. ಮೊಮ್ಮಗಳಿಗೆ "ತಾತನಿಗೆ ಈ ಕಡೆಗೆ ಮುತ್ತು" ಎಂದು ಎಡಗೆನ್ನೆ ತೋರಿಸಿಕೊಟ್ಟಿದ್ದೇವೆ. ಅವಳು ಪ್ರಪಂಚದ ಎಲ್ಲ ತಾತಂದಿರಿಗೂ ಇದೇ ನಿಯಮವೆಂದು ತಿಳಿದಿದ್ದಾಳೆ.

ಕಾಣಲು ಬಂದವರು "ಮುಖ ಚೆನ್ನಾಗಿಯೇ ಇದೆಯಲ್ಲ" ಎನ್ನುತ್ತಾರೆ. ನಿಜ, ಊತವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಹೊಡೆತ ಮುಗಿದ ಮರುಕ್ಷಣ ಅಪ್ಪ ಎಲ್ಲರಂತೆಯೇ ಕಾಣುತ್ತಾರೆ. ಆದರೆ ನೋವಿಲ್ಲದ ಹೊತ್ತಿನಲ್ಲೂ ಅವರು ಕಾವಲು ಕಾಯುತ್ತಿರುತ್ತಾರೆ. ಬಂದವರು ನಗಿಸುವ ಮಾತು ಶುರುಮಾಡಿದರೆ ಅವರ ಕಣ್ಣಿನಲ್ಲಿ ಮೊದಲು ಸುಳಿಯುವುದು ಭಯ.

ಔಷಧಿಯ ಬಗ್ಗೆಯೂ ಒಂದಿಷ್ಟು ಹೇಳುತ್ತೇನೆ. ನಿಮಗೆ ತಿಳಿದದ್ದೇ, ಆದರೆ ಈ ಪತ್ರವನ್ನು ನಿಮ್ಮ ರೋಗಿಗಳೂ ಓದಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಿಗೆ ಈ ನೋವು ಸೊಪ್ಪು ಹಾಕುವುದಿಲ್ಲ. ಕೆಲಸ ಮಾಡುವುದು ಕಾರ್ಬಮಾಜೆಪಿನ್, ಮೂರ್ಛೆರೋಗದ ಮಾತ್ರೆ. ಈ ನೋವಿಗೆ ಅದು ಒದಗುತ್ತದೆಂದು ವರದಿಯಾದದ್ದು 1962ರಲ್ಲಿ, ಇಂದಿಗೂ ಮೊದಲ ಆಯ್ಕೆ ಅದೇ. ಅಪ್ಪನಿಗೆ ಮಾತ್ರೆ ಶುರುವಾದ ಮೂರೇ ದಿನಕ್ಕೆ ಹೊಡೆತಗಳು ಅರ್ಧಕ್ಕಿಳಿದವು. ಚೀಟಿ ನೋಡಿದ ಸಂಬಂಧಿಕರೊಬ್ಬರು "ಇವರಿಗೆ ಮೂರ್ಛೆ ಯಾವಾಗಿನಿಂದ?" ಎಂದು ಪಿಸುಗುಟ್ಟಿದ್ದೂ ಆಯಿತು.

ಮಾತ್ರೆಯ ಬೆಲೆಯನ್ನು ಮಾತ್ರ ಮೈ ತೆರಬೇಕು. ಪ್ರಮಾಣ ಏರಿಸಿದ ಮೇಲೆ ಅಪ್ಪ ತೂರಾಡತೊಡಗಿದರು, ವಾರದ ದಿನಗಳನ್ನು ಅದಲುಬದಲು ಮಾಡಿದರು, ನೋಟ್‌ಬುಕ್ಕಿನ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತು. ವಯಸ್ಸಾಯಿತು ಎಂದುಕೊಂಡೆ; ನನ್ನ ಎರಡನೆಯ ತಪ್ಪು ಅದು. ರಕ್ತ ಪರೀಕ್ಷೆ ಮಾಡಿಸಿದಾಗ 135ರಿಂದ 145ರೊಳಗೆ ಇರಬೇಕಾದ ಸೋಡಿಯಂ 124ಕ್ಕೆ ಇಳಿದಿತ್ತು. ಇದು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮ. ರಕ್ತಕಣ, ಯಕೃತ್ತು, ಸೋಡಿಯಂ ಪರೀಕ್ಷೆಗಳ ತಾರೀಖುಗಳನ್ನು ಈಗ ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಬರೆದಿಟ್ಟಿದ್ದೇನೆ. ಮೈಮೇಲೆ ದದ್ದು ಎದ್ದರೆ ಅಂದೇ ವೈದ್ಯರ ಹತ್ತಿರ ಹೋಗಬೇಕು. ಏಷ್ಯಾ ಮೂಲದ ಕೆಲವರಲ್ಲಿರುವ ಒಂದು ಜೀನ್‌ನಿಂದಾಗಿ ಈ ಮಾತ್ರೆ ಚರ್ಮವನ್ನೇ ಸುಲಿಯುವಂಥ ಅಪಾಯ ತರಬಹುದು, ಮಾತ್ರೆ ಶುರುಮಾಡುವ ಮುನ್ನ ಅದಕ್ಕೊಂದು ರಕ್ತ ಪರೀಕ್ಷೆ ಇದೆ. ನೋವು ನಿಂತಿತೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಲೂಬಾರದು.

ಎಂಆರ್‌ಐ ಮಾಡಿದಾಗ ಕಂಡದ್ದು ಹೀಗೆ: ನರ ಮಿದುಳಿನ ಬುಡದಿಂದ ಹೊರಡುವ ಜಾಗದಲ್ಲಿ ರಕ್ತನಾಳವೊಂದು ಅದಕ್ಕೆ ಒತ್ತಿಕೊಂಡು ಮಿಡಿಯುತ್ತಿದೆ. ಆ ಮಿಡಿತಕ್ಕೆ ನರದ ಹೊದಿಕೆ ಸವೆದು, ಸ್ಪರ್ಶದ ಸುದ್ದಿ ಅಲ್ಲೇ ನೋವಿನ ತಂತಿಗೆ ಹಾರುತ್ತದೆ. ಕಿವಿಯ ಹಿಂದೆ ತಲೆಬುರುಡೆಯಲ್ಲಿ ಸಣ್ಣ ಕಿಂಡಿ ತೆರೆದು, ನಾಳವನ್ನು ಸರಿಸಿ, ನಡುವೆ ಟೆಫ್ಲಾನಿನ ಪುಟ್ಟ ಮೆತ್ತೆ ಇಡುವ ಶಸ್ತ್ರಚಿಕಿತ್ಸೆ ಇದೆ. 1960ರ ದಶಕದಲ್ಲಿ ಅಮೆರಿಕದ ಪೀಟರ್ ಜನೆಟ್ಟಾ ಬೆಳೆಸಿದ ವಿಧಾನದಿಂದ ಬಂದದ್ದು. ಅವರ ತಂಡ 1996ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹತ್ತು ವರ್ಷಗಳ ನಂತರವೂ ಸುಮಾರು ಹತ್ತರಲ್ಲಿ ಏಳು ಮಂದಿ ಮಾತ್ರೆಯ ಹಂಗಿಲ್ಲದೆ ಆರಾಮಾಗಿದ್ದರು. ತಲೆ ತೆರೆಸಿಕೊಳ್ಳಲು ಹೆದರುವವರಿಗೆ ಸೂಜಿಯ ಮೂಲಕವೋ ವಿಕಿರಣದಿಂದಲೋ ನರವನ್ನು ಸ್ವಲ್ಪ ಸುಮ್ಮನಾಗಿಸುವ ದಾರಿಗಳೂ ಇವೆ. ಅವುಗಳಲ್ಲಿ ಮುಖ ಜೋಮು ಹಿಡಿಯುವ ಸಾಧ್ಯತೆ ಹೆಚ್ಚು, ನೋವು ಮರಳುವುದೂ ಬೇಗ. ಅಪ್ಪ ಇನ್ನೂ ತೀರ್ಮಾನಿಸಿಲ್ಲ. ನಾನು ಒತ್ತಾಯಿಸುತ್ತಿಲ್ಲ, ಒತ್ತಾಯಿಸಬೇಕೆನ್ನಿಸುತ್ತದೆ, ಆದರೆ ತಲೆ ಅವರದು.

ನಿಮ್ಮವರಿಗೆ ಪಾಠ ಹೇಳುವವರಲ್ಲಿ ಒಂದು ಕೋರಿಕೆ. ಈ ಕಾಯಿಲೆ ಪುಸ್ತಕದಲ್ಲಿದೆ, ಪರೀಕ್ಷೆಯಲ್ಲೂ ಇದೆ. ಆದರೂ ಹಲ್ಲು ಹೋಗುತ್ತಲೇ ಇವೆ, ಈ ಕಾಯಿಲೆಯವರು ಪರಸ್ಪರ ಭೇಟಿಯಾದರೆ ಮೊದಲು ಕೇಳಿಕೊಳ್ಳುವುದೇ "ನಿಮ್ಮವು ಎಷ್ಟು ಹೋದವು?" ಎಂದು. ಈ ಕಾಯಿಲೆಯವರೊಬ್ಬರನ್ನು ತರಗತಿಗೆ ಕರೆದು ಅರ್ಧ ಗಂಟೆ ವಿದ್ಯಾರ್ಥಿಗಳ ಮುಂದೆ ಕೂರಿಸಿ. ಅವರು ಮಾತನಾಡಲಾಗದಿದ್ದರೂ ಚಿಂತೆಯಿಲ್ಲ. ಆ ಕೈ ಕೆನ್ನೆಯವರೆಗೆ ಹೋಗಿ ಗಾಳಿಯಲ್ಲಿ ನಿಲ್ಲುವುದನ್ನು ಒಮ್ಮೆ ನೋಡಿದ ವಿದ್ಯಾರ್ಥಿ ಮರೆಯಲಾರ.

ಪತ್ರವನ್ನು ಕಳಿಸುವ ಮುನ್ನ ಅಪ್ಪನಿಗೆ ತೋರಿಸಿದೆ. ಇವತ್ತು ಕೆಟ್ಟ ದಿನ, ಮಾತಿಲ್ಲ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಎರಡು ಸಲ ಓದಿ, ನೋಟ್‌ಬುಕ್ ತೆರೆದು ಬರೆದರು: "ಮೂರನೆಯ ಹಲ್ಲು ನಿಜವಾಗಿಯೂ ಹುಳುಕಾಗಿತ್ತು. ಆ ಡಾಕ್ಟರದ್ದು ತಪ್ಪಿಲ್ಲ. ಎರಡು ಎಂದು ತಿದ್ದು."

ತಿದ್ದಿಲ್ಲ. ಆದರೆ ಅವರು ಬರೆದದ್ದನ್ನು ಹಾಗೆಯೇ ಇಲ್ಲಿ ಸೇರಿಸಿದ್ದೇನೆ.

ಇತಿ,
ಒಬ್ಬ ತಂದೆಯ, ಎರಡು ಹಲ್ಲುಗಳಿಗಾಗಿ ಇನ್ನೂ ಸಿಟ್ಟಾಗಿರುವ ಮಗಳು